ಕಪ್ ಗೆಲ್ಲದ ತಂಡಕ್ಕೆ ಸೀಸನ್ ಟಿಕೆಟ್

ಕಳೆದ ಸಂಚಿಕೆಯಲ್ಲಿ ಅಮೆರಿಕದ ಒಹಾಯೊ ರಾಜ್ಯದ ಡೇಟನ್ ಊರಿನಿಂದ ನಾನು ಬರೆದ ಪತ್ರ ಪ್ರಕಟವಾಗಿತ್ತು. ಮುಕ್ಕಾಲು ಪಾಲು ಪತ್ರ ಹಿಮಗಾಲದಲ್ಲಿ ಕರಿಬೇವಿನ ಗಿಡ ಉಳಿಸಿಕೊಳ್ಳುವ ಬಗ್ಗೆ ಇತ್ತು. ಕೊನೆಯಲ್ಲಿ, ಇಲ್ಲಿನ ಯೂನಿವರ್ಸಿಟಿ ಆಫ್ ಡೇಟನ್‌ನ ಬ್ಯಾಸ್ಕೆಟ್‌ಬಾಲ್ ತಂಡ ‘ಫ್ಲೈಯರ್ಸ್’ ಹಿಂದೆ ಇಪ್ಪತ್ತು ವರ್ಷಗಳಿಂದ ಬಿದ್ದಿದ್ದೇನೆ, ದಯವಿಟ್ಟು ಯಾರೂ 2020ರ ವಿಷಯ ಎತ್ತಬೇಡಿ ಎಂದು ಎರಡು ಸಾಲು ಸೇರಿಸಿದ್ದೆ. ಕರಿಬೇವಿನ ಬಗ್ಗೆ ಒಬ್ಬರೂ ಕೇಳಲಿಲ್ಲ. ಬಂದ ಪ್ರಶ್ನೆಗಳೆಲ್ಲ ಆ ಎರಡು ಸಾಲಿನ ಮೇಲೆಯೇ. ಸಂಪಾದಕರು ‘ನೀವೇ ಉತ್ತರಿಸಿ’ ಎಂದು ಕಟ್ಟು ಕಳುಹಿಸಿದ್ದಾರೆ.

ನೀವು ಆ ಕಾಲೇಜಿನಲ್ಲಿ ಓದಿದವರಲ್ಲ, ನಿಮ್ಮ ಮಕ್ಕಳೂ ಓದಿಲ್ಲ. ಮತ್ತೆ ಯಾವ ಋಣ?
— ಶಿವಮೊಗ್ಗದ ಗೃಹಿಣಿ

ಚಳಿಯ ಋಣ. ನಾವು ಇಲ್ಲಿಗೆ ಬಂದಿದ್ದು 2003ರ ನವೆಂಬರ್‌ನಲ್ಲಿ. ಐದೂವರೆಗೆಲ್ಲ ಕತ್ತಲು, ಬೀದಿಯಲ್ಲಿ ನರಪಿಳ್ಳೆ ಇಲ್ಲ, ಮಾತನಾಡಲು ನನಗೆ ಗಂಡ ಮತ್ತು ಫ್ರಿಜ್ಜು. ಜನವರಿಯ ಒಂದು ಸಂಜೆ ಅವರ ಸಹೋದ್ಯೋಗಿಯೊಬ್ಬರು, ಮಗುವಿಗೆ ಹುಷಾರಿಲ್ಲವೆಂದು ತಮ್ಮ ಎರಡು ಟಿಕೆಟ್ ಕೊಟ್ಟರು. ಬಿಸಾಡಲು ಮನಸ್ಸು ಬಾರದೆ ಹೋದೆವು.

ಫ್ಲೈಯರ್ಸ್ ಆಡುವ ಒಳಾಂಗಣ ಕ್ರೀಡಾಂಗಣ ಯು.ಡಿ. ಅರೀನಾ ಹೊರಗಿನಿಂದ ಅಂಥ ದೊಡ್ಡ ಕಟ್ಟಡವೆನಿಸುವುದಿಲ್ಲ. ಅಂಕಣ ಇರುವುದು ನೆಲಮಟ್ಟದಿಂದ ಬಹಳ ಕೆಳಗೆ. ಬಾಗಿಲು ದಾಟಿ ಒಳಗೆ ಕಾಲಿಟ್ಟರೆ ಮೇಲುಕೋಟೆಯ ಕಲ್ಯಾಣಿಯ ಮೇಲಿನ ಮೆಟ್ಟಿಲಲ್ಲಿ ನಿಂತ ಹಾಗೆ. ಸುತ್ತಲೂ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಜನ, ತಳದಲ್ಲಿ ನೀರಿನ ಬದಲು ಹೊಳೆಯುವ ಮರದ ನೆಲ. ಈಗ ಅಲ್ಲಿರುವ ಆಸನಗಳು 13,407. ಊರಿನ ಜನಸಂಖ್ಯೆ ಸುಮಾರು 1,37,000. ಅಂದರೆ ಊರಿನ ಪ್ರತಿ ಹತ್ತು ಜನರಿಗೆ ಒಂದು ಕುರ್ಚಿ ಲೆಕ್ಕ, ಅದೂ ಹೆಚ್ಚಿನ ದಿನ ತುಂಬಿರುತ್ತದೆ. ಬೀದಿಯಲ್ಲಿ ಕಾಣದ ಜನರೆಲ್ಲ ಎಲ್ಲಿದ್ದರು ಎಂದು ಅಂದು ಗೊತ್ತಾಯಿತು.

ನಾನು ಮೈಸೂರಿನಲ್ಲಿ ಕಾಲೇಜು ತಂಡಕ್ಕೆ ಆಡಿದವಳು. ನಮ್ಮದು ಸಿಮೆಂಟ್ ಅಂಕಣ, ಬಲೆಯಿಲ್ಲದ ಕಬ್ಬಿಣದ ಬಳೆ. ಚೆಂಡು ಬುಟ್ಟಿಯೊಳಗೆ ಹೋಯಿತೋ ಪಕ್ಕದಿಂದ ಹೋಯಿತೋ ಎಂದು ಜಗಳವಾಗುತ್ತಿತ್ತು. ಬಲ ಮೊಣಕೈಯಲ್ಲಿ ಆ ಸಿಮೆಂಟಿನ ಗುರುತು ಇನ್ನೂ ಇದೆ. ಮರದ ನೆಲದ ಮೇಲೆ ಹತ್ತು ಜೊತೆ ಶೂ ಒಟ್ಟಿಗೆ ಕಿರುಗುಟ್ಟುವ ಸದ್ದು ಕೇಳಿದ್ದು ಅದೇ ಮೊದಲು. ಮರುವಾರ ನಾನೇ ದುಡ್ಡು ಕೊಟ್ಟು ಟಿಕೆಟ್ ತೆಗೆದೆ.

ಫ್ಲೈಯರ್ಸ್ ಎಂಬ ಹೆಸರು ರೈಟ್ ಸಹೋದರರ ನೆನಪಿನದು. 1903ರಲ್ಲಿ ಉತ್ತರ ಕ್ಯಾರೊಲಿನಾದ ಕಡಲ ದಂಡೆಯಲ್ಲಿ ಹಾರಿದ ವಿಮಾನವನ್ನು ಅವರು ಕಟ್ಟಿದ್ದು ಡೇಟನ್ನಿನ ತಮ್ಮ ಸೈಕಲ್ ಅಂಗಡಿಯಲ್ಲಿ.

‘ಮಿಡ್-ಮೇಜರ್’ ಎಂದರೇನು? ನಿಮ್ಮದು ದೊಡ್ಡ ತಂಡವೋ ಸಣ್ಣದೋ?
— ದಾವಣಗೆರೆಯ ಪದವಿ ವಿದ್ಯಾರ್ಥಿ

ಆ ಪದವನ್ನು ನಮ್ಮ ಅರೀನಾದಲ್ಲಿ ಜೋರಾಗಿ ಹೇಳಬೇಡಿ, ಹೊಡೆತ ಬಿದ್ದೀತು. ಆದರೂ ನಿಜ ಒಪ್ಪಿಕೊಳ್ಳಬೇಕು.

ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲಿನ ಮೇಲ್ಸ್ತರದಲ್ಲಿ 360ಕ್ಕೂ ಹೆಚ್ಚು ತಂಡಗಳಿವೆ. ಇವು ಮೂವತ್ತಕ್ಕೂ ಹೆಚ್ಚು ಕೂಟಗಳಲ್ಲಿ (ಕಾನ್ಫರೆನ್ಸ್) ಹಂಚಿಹೋಗಿವೆ. ಅಮೆರಿಕನ್ ಫುಟ್‌ಬಾಲಿನ ಟಿ.ವಿ. ಹಣದಲ್ಲಿ ಈಜಾಡುವ ನಾಲ್ಕೈದು ದೊಡ್ಡ ಕೂಟಗಳನ್ನು ಬಿಟ್ಟರೆ ಉಳಿದವರು ಮಧ್ಯಮ ವರ್ಗ, ಕೆಳ ಮಧ್ಯಮ ವರ್ಗ. ಇವರನ್ನೇ ಮಿಡ್-ಮೇಜರ್ ಎನ್ನುವುದು. ನಾವು ಮಧ್ಯಮ ವರ್ಗದಲ್ಲಿ ಕಾರಿರುವವರು ಎಂದುಕೊಳ್ಳಿ. ನಮ್ಮ ಕೂಟದ ಹೆಸರು ಅಟ್ಲಾಂಟಿಕ್ 10. ಅದರಲ್ಲಿ ಈಗ 14 ತಂಡಗಳಿವೆ, ಡೇಟನ್ನಿಗೆ ಅಟ್ಲಾಂಟಿಕ್ ಸಾಗರ ಕಾಣುವುದೂ ಇಲ್ಲ. ಕೇಳಿದರೆ ಯಾರೂ ನಗುವುದಿಲ್ಲ.

ಮಾರ್ಚ್ ತಿಂಗಳ ರಾಷ್ಟ್ರೀಯ ಪಂದ್ಯಾವಳಿಗೆ 68 ತಂಡಗಳಿಗೆ ಮಾತ್ರ ಪ್ರವೇಶ. ಕೂಟದ ಚಾಂಪಿಯನ್ ಆದರೆ ನೇರ ಟಿಕೆಟ್. ಇಲ್ಲವಾದರೆ ಸಮಿತಿಯೊಂದು ಕುಳಿತು ನಿಮ್ಮ ಜಾತಕ ನೋಡುತ್ತದೆ. ಯಾರನ್ನು ಸೋಲಿಸಿದಿರಿ, ಎಲ್ಲಿ ಸೋಲಿಸಿದಿರಿ ಎಂಬುದೇ ಜಾತಕ. ಅತ್ಯುತ್ತಮ ದರ್ಜೆಯ ಗೆಲುವು ಎನಿಸಿಕೊಳ್ಳಲು, ನಮ್ಮ ಊರಿನಲ್ಲಿ ಗೆದ್ದರೆ ಎದುರಾಳಿ ರ‍್ಯಾಂಕಿಂಗಿನಲ್ಲಿ ಮೊದಲ 30ರೊಳಗಿರಬೇಕು. ತಟಸ್ಥ ಅಂಕಣದಲ್ಲಾದರೆ 50ರೊಳಗೆ. ಅವರ ಊರಿಗೇ ಹೋಗಿ ಬಡಿದರೆ 75ರೊಳಗಿದ್ದರೂ ಸಾಕು. ತೊಂದರೆ ಏನೆಂದರೆ ದೊಡ್ಡ ಕಾಲೇಜುಗಳು ನಮ್ಮ ಊರಿಗೆ ಆಡಲು ಬರುವುದಕ್ಕೆ ಒಪ್ಪುವುದಿಲ್ಲ. ಗೆದ್ದರೆ ಅವರಿಗೆ ಹೆಚ್ಚಿನ ಲಾಭವಿಲ್ಲ, ಸೋತರೆ ಮಾನ ಹೋಗುತ್ತದೆ. ಬೀಗರ ಮನೆಗೆ ಊಟಕ್ಕೆ ಕರೆದರೆ ಪ್ರತಿ ಸಲ ‘ನೀವೇ ನಮ್ಮಲ್ಲಿಗೆ ಬನ್ನಿ’ ಎನ್ನುವವರ ಹಾಗೆ.

ಇದರ ಪರಿಣಾಮ ನೋಡಿ. ಡಿಸೆಂಬರಿನಲ್ಲಿ ನಾವು ಸೋಲಿಸಿದ ಯಾವುದೋ ತಂಡ ಫೆಬ್ರುವರಿಯಲ್ಲಿ ಎಲ್ಲೋ ಟೆಕ್ಸಾಸ್‌ನಲ್ಲಿ ಆಡುತ್ತಿರುತ್ತದೆ. ಅದು ಸೋತು 30ರಿಂದ 31ಕ್ಕೆ ಜಾರಿದರೆ ನಮ್ಮ ಹಳೆಯ ಗೆಲುವಿನ ದರ್ಜೆಯೂ ಇಳಿಯುತ್ತದೆ. ಹಾಗಾಗಿ ನನಗೆ ಸಂಬಂಧವೇ ಇಲ್ಲದ ಹುಡುಗರು ಗೆಲ್ಲಲಿ ಎಂದು ರಾತ್ರಿ ಹನ್ನೊಂದರವರೆಗೆ ಟಿ.ವಿ. ಮುಂದೆ ಕೈ ಮುಗಿದುಕೊಂಡು ಕುಳಿತಿರುತ್ತೇನೆ. ನಮ್ಮ ಅತ್ತೆಯವರು ಇಲ್ಲಿಗೆ ಬಂದಿದ್ದಾಗ, ‘ಇವರು ಯಾರಮ್ಮ?’ ಎಂದು ಕೇಳಿದ್ದರು. ನಾನೇನು ಹೇಳಲಿ? ‘ನಮ್ಮವರಿಂದ ಸೋತವರು ಅತ್ತೆ’ ಎಂದೆ.

2024ರ ನವೆಂಬರಿನಲ್ಲಿ ಹವಾಯಿಯ ಮಾವಿಯಲ್ಲಿ, ಸತತ ಎರಡು ವರ್ಷ ರಾಷ್ಟ್ರೀಯ ಚಾಂಪಿಯನ್ ಆಗಿದ್ದ ಕನೆಕ್ಟಿಕಟ್ ತಂಡವನ್ನು 85-67ರಿಂದ ಬಗ್ಗುಬಡಿದೆವು. ಮರುತಿಂಗಳು ಮಾರ್ಕೆಟ್ (Marquette) ವಿಶ್ವವಿದ್ಯಾಲಯದ ತಂಡವನ್ನೂ ನಮ್ಮ ಅಂಕಣದಲ್ಲೇ ಸೋಲಿಸಿದೆವು. ಆಮೇಲೆ ಜನವರಿಯಲ್ಲಿ ಸ್ವಂತ ಕೂಟದ ತಂಡಗಳೆದುರೇ ಎಡವಿದೆವು. ಮಾರ್ಚ್‌ನಲ್ಲಿ ಕರೆ ಬರಲಿಲ್ಲ. ಮಧ್ಯಮ ವರ್ಗವೆಂದರೆ ಇದೇ: ಒಂದು ತಿಂಗಳು ಲೆಕ್ಕ ತಪ್ಪಿದರೆ ವರ್ಷವಿಡೀ ಕಂತು.

ಇನ್ನೊಂದು ಚೇಷ್ಟೆ ಹೇಳುತ್ತೇನೆ. ಆ 68 ತಂಡಗಳ ಪಂದ್ಯಾವಳಿ ಆರಂಭವಾಗುವುದೇ ನಮ್ಮ ಅರೀನಾದಲ್ಲಿ. ಕೋವಿಡ್‌ನ ಎರಡು ವರ್ಷ ಬಿಟ್ಟರೆ 2011ರಿಂದಲೂ ಮೊದಲ ನಾಲ್ಕು ಆಟಗಳು ಇಲ್ಲೇ ನಡೆದಿವೆ. 2012ರಲ್ಲಿ ಒಬಾಮಾ ಅವರು ಬ್ರಿಟನ್ ಪ್ರಧಾನಿ ಕ್ಯಾಮರೂನ್ ಅವರನ್ನು ಕರೆತಂದು ಇಲ್ಲೇ ಆಟ ತೋರಿಸಿದ್ದರು. ಪಂದ್ಯಾವಳಿಯ ಇತಿಹಾಸದಲ್ಲಿ ಅತಿ ಹೆಚ್ಚು ಆಟಗಳು ನಡೆದ ಜಾಗವೂ ಇದೇ. ಮದುವೆ ನಮ್ಮ ಛತ್ರದಲ್ಲಿ, ಆಹ್ವಾನ ಮಾತ್ರ ನಮಗಿಲ್ಲ, ಎಷ್ಟೋ ವರ್ಷ.

ಕಪ್ ಗೆಲ್ಲದ ತಂಡಕ್ಕೆ ಪ್ರತಿ ವರ್ಷ ಸೀಸನ್ ಟಿಕೆಟ್! ಅದೇ ಹಣವನ್ನು ಆರ್‌ಡಿಯಲ್ಲಿ ಕಟ್ಟಿದ್ದರೆ ಇಷ್ಟು ಹೊತ್ತಿಗೆ ಎಷ್ಟಾಗುತ್ತಿತ್ತು, ಲೆಕ್ಕ ಹಾಕಿದ್ದೀರಾ?
— ಹುಬ್ಬಳ್ಳಿಯ ನಿವೃತ್ತ ಬ್ಯಾಂಕ್ ಅಧಿಕಾರಿ

ಹಾಕಿಲ್ಲ ಸರ್, ಹಾಕುವುದೂ ಇಲ್ಲ. ನಮ್ಮ ಯಜಮಾನರು ಒಮ್ಮೆ ಹಾಕಿದ್ದರು, ಆ ಹಾಳೆಯಲ್ಲಿ ನಾನು ಹಸಿಮೆಣಸಿನಕಾಯಿ ಕಟ್ಟಿಟ್ಟೆ.

ಕಪ್ ಗೆದ್ದೇ ಇಲ್ಲ ಎನ್ನುವುದೂ ಪೂರ್ತಿ ಸರಿಯಲ್ಲ. ಎನ್‌ಐಟಿ ಎಂಬ ಇನ್ನೊಂದು ಪಂದ್ಯಾವಳಿಯನ್ನು 1962, 1968 ಮತ್ತು 2010ರಲ್ಲಿ ಗೆದ್ದಿದ್ದೇವೆ. ದೊಡ್ಡ ಪಂದ್ಯಾವಳಿಗೆ ಕರೆ ಸಿಗದವರು ಆಡುವ ಪಂದ್ಯಾವಳಿ ಅದು ಎಂದು ನೀವು ಹುಡುಕಿ ಹೇಳುವ ಮೊದಲೇ ನಾನು ಹೇಳಿಬಿಡುತ್ತೇನೆ. 2010ರ ಫೈನಲ್‌ನಲ್ಲಿ ಸೋಲಿಸಿದ್ದು ಮಾತ್ರ ಉತ್ತರ ಕ್ಯಾರೊಲಿನಾದಂಥ ದೊಡ್ಡ ಮನೆತನವನ್ನು.

ದೊಡ್ಡ ಫೈನಲ್ ತಲುಪಿದ್ದು ಒಂದೇ ಸಲ, 1967ರಲ್ಲಿ. ನನ್ನ ಎಡಗಡೆಯ ಕುರ್ಚಿಯಲ್ಲಿ ಕೂರುವವರು ನಗದು ಯಂತ್ರ ಮಾಡುವ ಕಾರ್ಖಾನೆಯಿಂದ ನಿವೃತ್ತರಾದ ಹಿರಿಯರು. ಆಗ ಹದಿನೆಂಟರ ಹುಡುಗ. ಸೆಮಿಫೈನಲ್‌ನಲ್ಲಿ ಡಾನ್ ಮೇ ಎಂಬ ಡೇಟನ್ನಿನದೇ ಹುಡುಗ ಸತತವಾಗಿ ಹದಿಮೂರು ಎಸೆತ ಬುಟ್ಟಿಗೆ ಹಾಕಿ 34 ಅಂಕ ಗಳಿಸಿದ ಕತೆಯನ್ನು ಅವರು ನನಗೆ ಕನಿಷ್ಠ ನಲವತ್ತು ಸಲ ಹೇಳಿದ್ದಾರೆ. ಫೈನಲ್ ಕತೆ ಒಮ್ಮೆಯೂ ಹೇಳಿಲ್ಲ. ಎದುರಿಗೆ ಕ್ಯಾಲಿಫೋರ್ನಿಯಾದ ಯುಸಿಎಲ್‌ಎ ವಿಶ್ವವಿದ್ಯಾಲಯದ ತಂಡ, ಅದರಲ್ಲಿ ಮುಂದೆ ಕರೀಂ ಅಬ್ದುಲ್ ಜಬ್ಬಾರ್ ಎಂದು ಹೆಸರಾದ ಏಳಡಿಯ ಲ್ಯೂ ಅಲ್ಸಿಂಡರ್. 64-79.

ನನ್ನ ಕಾಲದ ಫಸಲು 2014ರದು. ಮೊದಲ ಸುತ್ತಿನಲ್ಲೇ ಎದುರಾಗಿದ್ದು ನಮ್ಮದೇ ರಾಜ್ಯದ ದೈತ್ಯ, ಒಹಾಯೊ ಸ್ಟೇಟ್. ಆ ವಿಶ್ವವಿದ್ಯಾಲಯದವರಿಗೆ ತಮ್ಮ ಹೆಸರಿಗೆ ಮೊದಲು ‘ದಿ’ ಸೇರಿಸಿ ಒತ್ತಿ ಹೇಳುವ ಚಟ, ಜಗತ್ತಿನಲ್ಲಿ ತಾವೊಬ್ಬರೇ ಎಂಬಂತೆ. ನಾಲ್ಕು ಸೆಕೆಂಡ್ ಕೂಡ ಉಳಿದಿರಲಿಲ್ಲ, ವೀ ಸ್ಯಾನ್‌ಫರ್ಡ್ ಎಸೆದ ಚೆಂಡು ಹಲಗೆಗೆ ತಗುಲಿ ಬುಟ್ಟಿಗೆ ಬಿತ್ತು. 60-59. ಮರುದಿನ ನಮ್ಮೂರಿನ ಪತ್ರಿಕೆಯ ಮುಖಪುಟದಲ್ಲಿ ‘ದಿ ಯೂನಿವರ್ಸಿಟಿ ಆಫ್ ಡೇಟನ್’ ಎಂದು ಶೀರ್ಷಿಕೆ, ‘ದಿ’ ಮಾತ್ರ ಹಲಗೆಯಷ್ಟು ದಪ್ಪ. ಆ ಪುಟ ನಮ್ಮ ದೇವರ ಮನೆಯ ಕಪಾಟಿನಲ್ಲಿ, ಪಂಚಾಂಗದ ಕೆಳಗಿದೆ. ಆಮೇಲೆ ಸಿರಾಕ್ಯೂಸ್, ಸ್ಟ್ಯಾನ್‌ಫರ್ಡ್ ಎರಡನ್ನೂ ದಾಟಿ ಕೊನೆಯ ಎಂಟರಲ್ಲಿ ನಿಂತೆವು. ಶನಿವಾರ ಫ್ಲೋರಿಡಾ ಎದುರು ಸೋತೆವು. ಸೋಮವಾರ ಯುಗಾದಿ. ಬೇವು ಎರಡು ದಿನ ಮೊದಲೇ ಬಂದಿತ್ತು.

‘2020ರ ವಿಷಯ ಎತ್ತಬೇಡಿ’ ಎಂದಿದ್ದೀರಿ. ಎತ್ತುತ್ತಿದ್ದೇನೆ.
— ಮೈಸೂರಿನ ಓದುಗ

ನಮ್ಮೂರಿನವರಾಗಿ ಹೀಗೆ ಮಾಡಬಹುದೇ? ಇರಲಿ.

2020ಕ್ಕೆ ಮೊದಲು 2019 ಹೇಳಬೇಕು. ಆ ವರ್ಷ ಮೇ 27ರ ರಾತ್ರಿ ಡೇಟನ್ ಸುತ್ತಮುತ್ತ ಒಂದರ ಹಿಂದೊಂದು ಸುಂಟರಗಾಳಿ ಬಂದು ಮನೆಗಳ ಮಾಡು ಹಾರಿಹೋದವು. ನಾವು ನೆಲಮಾಳಿಗೆಯಲ್ಲಿ ಮಕ್ಕಳನ್ನು ತಬ್ಬಿಕೊಂಡು ಕುಳಿತಿದ್ದೆವು. ಆಗಸ್ಟ್ 4ರ ನಡುರಾತ್ರಿ ದಾಟಿದ ಮೇಲೆ ಪೇಟೆಯ ಆರೆಗಾನ್ ಬಡಾವಣೆಯಲ್ಲಿ ಒಬ್ಬ ಗುಂಡು ಹಾರಿಸಿ ಒಂಬತ್ತು ಜನರನ್ನು ಕೊಂದ. ಊರು ಮಾತು ಕಡಿಮೆ ಮಾಡಿತ್ತು. ದಿನಸಿ ಅಂಗಡಿಯ ಸಾಲಿನಲ್ಲಿ ಕೂಡ ಜನ ಹವಾಮಾನದ ಬಗ್ಗೆ ಮಾತನಾಡುತ್ತಿರಲಿಲ್ಲ, ಏಕೆಂದರೆ ಹವಾಮಾನವೂ ನಮಗೆ ಮೋಸ ಮಾಡಿತ್ತು.

ನವೆಂಬರಿನಲ್ಲಿ ಆಟ ಶುರುವಾಯಿತು. ಒಬಿ ಟಾಪಿನ್ ಎಂಬ ಬ್ರೂಕ್ಲಿನ್ನಿನ ಹುಡುಗ. ಹೈಸ್ಕೂಲು ಮುಗಿಸಿದಾಗ ಯಾವ ದೊಡ್ಡ ಕಾಲೇಜೂ ಅವನನ್ನು ತಿರುಗಿ ನೋಡಿರಲಿಲ್ಲ. ಕೋಚ್ ಆಂಟನಿ ಗ್ರಾಂಟ್, ಇದೇ ಕಾಲೇಜಿನಲ್ಲಿ ಆಡಿ ಬೆಳೆದವರು. ಆ ಋತುವಿನಲ್ಲಿ ತಂಡ 29 ಗೆದ್ದಿತು, ಎರಡೇ ಸೋತಿತು. ಆ ಎರಡೂ ಹೆಚ್ಚುವರಿ ಸಮಯಕ್ಕೆ ಹೋದ ಆಟಗಳು: ಕಾನ್ಸಾಸ್ ಎದುರು ಒಂದು, ಕೊಲರಾಡೊ ಎದುರು ಇನ್ನೊಂದು. ಅಂದರೆ ನಿಗದಿತ ನಲವತ್ತು ನಿಮಿಷದಲ್ಲಿ ಆ ತಂಡವನ್ನು ಯಾರೂ ಸೋಲಿಸಲಿಲ್ಲ. ಈ ವಾಕ್ಯವನ್ನು ಡೇಟನ್ನಿನಲ್ಲಿ ಯಾರ ಬಳಿಯಾದರೂ ಅರ್ಧ ಹೇಳಿ ನಿಲ್ಲಿಸಿ, ಉಳಿದರ್ಧ ಅವರು ಮುಗಿಸುತ್ತಾರೆ. ಕೂಟದೊಳಗೆ 18ಕ್ಕೆ 18. ದೇಶದಲ್ಲಿ ಮೂರನೆಯ ಸ್ಥಾನ.

ಮಾರ್ಚ್ 7, ಊರಿನಲ್ಲಿ ಕೊನೆಯ ಆಟ. ಟಾಪಿನ್ ಒಬ್ಬನೇ ಮುಂದೆ ಓಡಿ, ಗಾಳಿಯಲ್ಲಿರುವಾಗಲೇ ಚೆಂಡನ್ನು ಕಾಲುಗಳ ನಡುವಿನಿಂದ ದಾಟಿಸಿ ಬುಟ್ಟಿಗೆ ಬಡಿದ. ಪಕ್ಕದ ಹಿರಿಯರು ಕೂಗಲಿಲ್ಲ. ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು, ಅಷ್ಟೇ.

ಮುಂದಿನ ಗುರುವಾರ, ಮಾರ್ಚ್ 12. ಕೂಟದ ಪಂದ್ಯಾವಳಿಗೆಂದು ತಂಡ ಬ್ರೂಕ್ಲಿನ್ನಿನಲ್ಲಿತ್ತು, ಟಾಪಿನ್‌ನ ಸ್ವಂತ ಊರಿನಲ್ಲಿ. ಒಂದು ಆಟವನ್ನೂ ಆಡದೆ ವಾಪಸಾಯಿತು. ಮಧ್ಯಾಹ್ನ ರಾಷ್ಟ್ರೀಯ ಪಂದ್ಯಾವಳಿಯೇ ರದ್ದಾಯಿತೆಂಬ ಸುದ್ದಿ ಬಂತು. ಕೋವಿಡ್. ನಾನು ಆಫೀಸಿನಲ್ಲಿ ಬಿಲ್ಲುಗಳ ಮೊತ್ತ ಕೂಡುತ್ತಿದ್ದೆ. ಅದೇ ಕಾಲಂ ಮೂರು ಸಲ ಕೂಡಿದರೂ ಮೂರು ಉತ್ತರ ಬಂತು. ಟಾಪಿನ್‌ಗೆ ದೇಶದ ಅತ್ಯುತ್ತಮ ಆಟಗಾರ, ಗ್ರಾಂಟ್‌ಗೆ ಅತ್ಯುತ್ತಮ ಕೋಚ್ ಪ್ರಶಸ್ತಿ ಬಂದವು. ಆ ಹುಡುಗ ವೃತ್ತಿಪರ ಲೀಗ್ ಆದ ಎನ್‌ಬಿಎಗೆ ಆ ವರ್ಷದ ಆಯ್ಕೆಯಲ್ಲಿ ಎಂಟನೆಯವನಾಗಿ ಹೋದ.

ಆ ವಸಂತದಲ್ಲಿ ಜನ ಸಾಯುತ್ತಿದ್ದರು; ಬೆಂಗಳೂರಿನಲ್ಲಿದ್ದ ಅಪ್ಪನಿಗೆ ಔಷಧಿ ತಂದುಕೊಡುವವರಾರು ಎಂಬುದು ನನ್ನ ಚಿಂತೆಯಾಗಿತ್ತು. ಚೆಂಡಾಟ ತಪ್ಪಿದ್ದಕ್ಕೆ ಅಳಲು ನಾಚಿಕೆಯಾಗಿ ಆಗ ಅಳಲಿಲ್ಲ. ಹಾಗೆ ಅಳದೆ ಬಿಟ್ಟಿದ್ದರಿಂದಲೇ ಈ ವಿಷಯ ಎತ್ತಬೇಡಿ ಎಂದಿದ್ದು.

ನಾನು ತಂಡ ಕಟ್ಟುವಷ್ಟರಲ್ಲಿ ಹುಡುಗರು ಪಿಯುಸಿ ಮುಗಿಸಿ ಹೊರಡುತ್ತಾರೆ. ನಿಮ್ಮಲ್ಲೂ ಆಟಗಾರರು ಬದಲಾಗುತ್ತಲೇ ಇರುವರಲ್ಲ, ಹಾಗಾದರೆ ನಿಮ್ಮ ಅಭಿಮಾನ ಯಾರ ಮೇಲೆ?
— ತುಮಕೂರಿನ ದೈಹಿಕ ಶಿಕ್ಷಣ ಶಿಕ್ಷಕರು

ಮೇಷ್ಟ್ರೇ, ನಿಮ್ಮ ಹುಡುಗರು ಪಿಯುಸಿಯಾದರೂ ಮುಗಿಸುತ್ತಾರೆ. ಇಲ್ಲಿ 2021ರಿಂದ ಆಟಗಾರರು ಒಂದು ವರ್ಷ ಹೊರಗೆ ಕೂರದೆಯೇ ಕಾಲೇಜು ಬದಲಿಸಬಹುದು. ಅದೇ ವರ್ಷದ ಜುಲೈನಿಂದ ತಮ್ಮ ಹೆಸರು, ಮುಖ ಬಳಸಿ ಹಣವನ್ನೂ ಗಳಿಸಬಹುದು. ಎರಡೂ ಸೇರಿ ಪ್ರತಿ ಏಪ್ರಿಲ್‌ನಲ್ಲಿ ಸಂತೆ ನೆರೆಯುತ್ತದೆ. ಕೋಬಿ ಬ್ರೇ ಎಂಬ ಹುಡುಗ ನಾಲ್ಕು ವರ್ಷ ನಮ್ಮಲ್ಲಿದ್ದ. 2023-24ರಲ್ಲಿ ಮೂರು ಅಂಕದ ಎಸೆತಗಳಲ್ಲಿ ನೂರಕ್ಕೆ 49.8ನ್ನು ಬುಟ್ಟಿಗೆ ಹಾಕಿ ದೇಶಕ್ಕೇ ಮೊದಲಿಗನಾದ. ಆ ಬೇಸಿಗೆಯಲ್ಲಿ ಕೆಂಟಕಿಗೆ ಹೋದ. ಅವನಿಗೆ ಸಿಟ್ಟಿನಿಂದ ಏನಾದರೂ ಅನ್ನಬೇಕೆಂದಿದ್ದೆ. ಆದರೆ ಹೆಚ್ಚು ಸಂಬಳಕ್ಕಾಗಿ ಊರು, ದೇಶ ಎಲ್ಲ ಬಿಟ್ಟು ಬಂದವಳು ನಾನು. ಯಾವ ಬಾಯಲ್ಲಿ ಅನ್ನಲಿ?

ಡರಾನ್ ಹೋಮ್ಸ್ ಎಂಬವನು ಮೂರು ವರ್ಷವೂ ಇಲ್ಲೇ ಆಡಿ ಎನ್‌ಬಿಎಗೆ ಹೋದ. ಅಂಥವರೂ ಇದ್ದಾರೆ. ಅವನ ಹೆಸರಿನ ಅಂಗಿ ಇನ್ನೂ ಅರೀನಾದಲ್ಲಿ ಕಾಣುತ್ತದೆ.

ನಿಮ್ಮ ಪ್ರಶ್ನೆಗೆ ನೇರ ಉತ್ತರ: ನನ್ನ ಸಾಲಿನ ಮೇಲೆ. ಎಂಟು ಕುರ್ಚಿ. ಅವುಗಳಲ್ಲಿ ಆರು ಜನ ಹದಿನೈದು ವರ್ಷಗಳಿಂದ ಬದಲಾಗಿಲ್ಲ.

ಆಟ ನೋಡುತ್ತಾ ಏನು ತಿನ್ನುತ್ತೀರಿ?
— ಉಡುಪಿಯಿಂದ

ಹೊರಗಿನ ತಿಂಡಿ ಒಳಗೆ ಬಿಡುವುದಿಲ್ಲ. ಚಕ್ಕುಲಿಯನ್ನು ಕಾರಿನಲ್ಲೇ ಮುಗಿಸಿ, ಕೈ ಒರೆಸಿಕೊಂಡು ಹೋಗುತ್ತೇವೆ. ಒಳಗೆ ಪಾಪ್‌ಕಾರ್ನ್. ಉಪ್ಪು ಜಾಸ್ತಿ.

ಅಕ್ಕಾ, ನನಗೆ ಹದಿನಾರು, ಆರಡಿ ಎರಡಂಗುಲ ಇದ್ದೇನೆ. ಅಲ್ಲಿ ಆಡಲು ಏನು ಮಾಡಬೇಕು?
— ಮಂಡ್ಯದ ಹುಡುಗ

ತಮ್ಮಾ, ಮೊದಲು ಗಣಿತ, ಇಂಗ್ಲಿಷ್, ವಿಜ್ಞಾನದ ಅಂಕಪಟ್ಟಿಗಳನ್ನು ಭದ್ರವಾಗಿಡು. ಮೇಲ್ಸ್ತರದಲ್ಲಿ ಆಡಬೇಕಾದರೆ ಹೈಸ್ಕೂಲು ಮಟ್ಟದ 16 ಮುಖ್ಯ ಕೋರ್ಸುಗಳು ಪಾಸಾಗಿರಬೇಕು, ಅವುಗಳ ಸರಾಸರಿ ಇಲ್ಲಿನ ಅಳತೆಯಲ್ಲಿ ನಾಲ್ಕಕ್ಕೆ 2.3 ಆದರೂ ಇರಬೇಕು. ಇದನ್ನು ಪರಿಶೀಲಿಸಲು ಕಾಲೇಜು ಕ್ರೀಡೆ ನಡೆಸುವ ಎನ್‌ಸಿಎಎ ಸಂಸ್ಥೆಯದೇ ಒಂದು ಅರ್ಹತಾ ಕೇಂದ್ರವಿದೆ, ಅಲ್ಲಿ ಹೆಸರು ನೋಂದಾಯಿಸಬೇಕು. ಆಟದ ವಿಡಿಯೊ ಮಾಡುವಾಗ ಡಂಕ್ (ಹಾರಿ ಚೆಂಡನ್ನು ಬುಟ್ಟಿಗೆ ಬಡಿಯುವುದು) ಮಾತ್ರ ಜೋಡಿಸಬೇಡ. ಒಂದು ಇಡೀ ಆಟ ಕಳುಹಿಸು. ಚೆಂಡು ಕೈಯಲ್ಲಿಲ್ಲದಾಗ ನೀನು ಏನು ಮಾಡುತ್ತೀ ಎಂದು ಕೋಚ್‌ಗಳು ನೋಡುತ್ತಾರೆ. ಇಲ್ಲಿ ಆರಡಿ ಎರಡಂಗುಲದವರು ಗಿಡ್ಡ ಹುಡುಗರ ಸಾಲಿಗೆ ಸೇರುತ್ತಾರೆ. ಆದ್ದರಿಂದ ಎಡಗೈಯಿಂದ ಚೆಂಡು ಪುಟಿಸುವುದನ್ನು ಕಲಿ. ಅಮ್ಮನಿಗೆ ಹೇಳಿ ನನಗೆ ಪತ್ರ ಬರೆ.

ಅಭಿಮಾನಿಯಾಗಿ ನೀವು ಮಾಡಿದ ಅತಿ ದೊಡ್ಡ ತಪ್ಪು?
— ಬೆಂಗಳೂರಿನ ಓದುಗಿ

2024ರ ಮಾರ್ಚ್ 21, ಗುರುವಾರ ಸಂಜೆ. ಏಳು ವರ್ಷಗಳ ನಂತರ ಪಂದ್ಯಾವಳಿಗೆ ಹೋಗಿದ್ದೆವು. ಸಾಲ್ಟ್ ಲೇಕ್ ಸಿಟಿಯಲ್ಲಿ ನೆವಾಡ ಎದುರು ಆಟ. ಏಳೂವರೆ ನಿಮಿಷ ಉಳಿದಿರುವಾಗ 39-56. ಹದಿನೇಳು ಅಂಕ ಹಿಂದೆ. ನಾನು ಟಿ.ವಿ. ಆರಿಸಿ ಅಡುಗೆಮನೆಗೆ ಹೋದೆ. ಸಾರಿಗೆ ಒಗ್ಗರಣೆ ಇಟ್ಟೆ.

ಸಾಸಿವೆ ಸಿಡಿಯುವಾಗ ಫೋನ್ ಬಂತು. ಪಕ್ಕದ ಕುರ್ಚಿಯ ಹಿರಿಯರು. ಅವರಿಗೆ ನಾನು ಕಲಿಸಿದ ಕನ್ನಡ ಪದ ಒಂದೇ: ನಮ್ಮವರು ಫ್ರೀ ಥ್ರೋ ತಪ್ಪಿಸಿದಾಗಲೆಲ್ಲ ನನ್ನ ಬಾಯಿಂದ ಬರುವ ‘ಅಯ್ಯೋ’. ಈಗ ನಮ್ಮ ಇಡೀ ಸಾಲು ಅದನ್ನೇ ಹೇಳುತ್ತದೆ. ಅಂದು ಫೋನಿನಲ್ಲಿ ಅವರು ‘ಅಯ್ಯೋ, ಅಯ್ಯೋ, ಅಯ್ಯೋ’ ಎಂದು ಮೂರು ಸಲ ಹೇಳಿದರು. ಸೋತರೆಂದುಕೊಂಡು ನಾನು ಸಮಾಧಾನ ಹೇಳತೊಡಗಿದೆ. ಆದರೆ ಅವರು ನಗುತ್ತಿದ್ದರು. ಓಡಿ ಬಂದು ಟಿ.ವಿ. ಹಾಕಿದಾಗ ಆಟ ಮುಗಿಯುವುದರಲ್ಲಿತ್ತು. ಕೊನೆಯ ಆ ಏಳೂವರೆ ನಿಮಿಷಗಳಲ್ಲಿ ನಾವು 24, ಅವರು 4. ಗೆದ್ದಿದ್ದು 63-60ರಿಂದ. ಒಗ್ಗರಣೆ ಹೊತ್ತಿ ಹೊಗೆಯ ಅಲಾರಂ ಹೊಡೆದುಕೊಂಡಿತು.

ಮುಂದಿನ ಋತುವಿನ ಒಂದು ಆಟದ ದಿನ ಅವರು ಕೇಳಿದರು, ಆ ಹೊತ್ತಿನಲ್ಲಿ ಎಲ್ಲಿದ್ದೆ ಎಂದು. ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. ಅವರು ಏನೂ ಅನ್ನಲಿಲ್ಲ. ದ್ವಿತೀಯಾರ್ಧದಲ್ಲಿ ಗಡಿಯಾರ ಎಂಟು ನಿಮಿಷಕ್ಕೆ ಇಳಿಯುತ್ತಿದ್ದಂತೆ ನನ್ನ ಕುರ್ಚಿಯ ಬೆನ್ನಿನಿಂದ ಕೋಟು ತೆಗೆದು ಮಡಚಿ, ತಮ್ಮ ಕಾಲಡಿಯಲ್ಲಿ ಇಟ್ಟುಕೊಂಡರು. ಹೊರಗೆ ಹಿಮ ಬೀಳುತ್ತಿತ್ತು. ಅಂದಿನಿಂದ ಪ್ರತಿ ಆಟದಲ್ಲೂ ಹಾಗೆಯೇ. ಕೊನೆಯ ಸೀಟಿ ಊದುವವರೆಗೆ ಕೋಟು ಕೊಡುವುದಿಲ್ಲ.